ಗಿಣಿಶಾಸ್ತ್ರ

ಪಂಜರದ ಗಿಣಿ ಎತ್ತಿಕೊಟ್ಟ ಚೀಟಿ ನೋಡಿ ಭವಿಷ್ಯ ಹೇಳುವ ಪದ್ಧತಿ. ಬೆಂಗಳೂರೂ ಸೇರಿದಂತೆ ದಕ್ಷಿಣ ಭಾರತದ ಪೇಟೆಬೀದಿಗಳಲ್ಲಿ, ಜಾತ್ರೆಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು. ಕೇಳಲು ಬಂದವರ ಹೆಸರು ಹೇಳಿ ಬಾಗಿಲು ತೆರೆದರೆ ಗಿಣಿ ಹೊರಬಂದು, ಕೊಕ್ಕಿನಿಂದ ಒಂದು ಚೀಟಿ ಎಳೆದು, ಶಾಸ್ತ್ರದವನು ಕೊಟ್ಟ ಕಾಳು ತಿಂದು ಒಳಹೋಗುತ್ತದೆ. ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ದೇವರ ಚಿತ್ರ. ‘ಮದುವೆ ಯಾವಾಗ?’ ಎಂಬ ನೇರ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ. ಚಿತ್ರವನ್ನು ಪ್ರಶ್ನೆಗೆ ಹೊಂದಿಸುವುದು ಶಾಸ್ತ್ರದವನ ಮಾತುಗಾರಿಕೆ. ಭವಿಷ್ಯ ಹೇಳಲು ಬಳಸುವ 78 ಕಾರ್ಡುಗಳ ಟ್ಯಾರೋದಲ್ಲೂ ಹೀಗೆಯೇ. ಆದರೆ ಅಲ್ಲಿ ಕಾರ್ಡು ನೆಟ್ಟಗೆ ಬಂದರೆ ಹೌದು, ತಲೆಕೆಳಗಾದರೆ ಇಲ್ಲ ಎಂದು ಓದುವವರೂ ಉಂಟು. ಗಿಣಿಗೆ ಗೊತ್ತಿರುವುದು ಕಾಳಿನ ಆಸೆ ಮಾತ್ರ. ಈ ಶಾಸ್ತ್ರಕ್ಕಾಗಿ ಹಾರಬೇಕಾದ ಹಕ್ಕಿಯ ರೆಕ್ಕೆ ಕತ್ತರಿಸಿ ಕೂಡಿಹಾಕುವುದು ಕ್ರೌರ್ಯವೇ ಸರಿ. ನಮ್ಮ ಹಸಿರು ಗಿಣಿಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.