ಯಂತ್ರಸಂತಾನ: ಒಂದು ಭೀತಿಯ ಇತಿಹಾಸ

ತನ್ನಂತಹುದೇ ಇನ್ನೊಂದನ್ನು ತಾನೇ ನಿರ್ಮಿಸಬಲ್ಲ ಯಂತ್ರವು ನಕ್ಷತ್ರದಿಂದ ನಕ್ಷತ್ರಕ್ಕೆ ತನ್ನ ಸಂತತಿಯನ್ನು ಹಬ್ಬಿಸುತ್ತ ಹೋಗಿ, ಎದುರಾದ ಜೀವಕುಲವನ್ನೆಲ್ಲ ನಿರ್ಮೂಲಗೊಳಿಸೀತೆಂಬ ಭೀತಿಯು ವಿದ್ವತ್ಪತ್ರಿಕೆಗಳಲ್ಲಿ ಸ್ಥಾನ ಪಡೆದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿಯಾದರೂ, ಅದರ ಬೀಜವು ಬಿದ್ದುದು ಅದಕ್ಕೂ ಬಹುಕಾಲ ಮೊದಲು. ನ್ಯೂಜಿಲೆಂಡಿನಲ್ಲಿ ಕುರಿ ಸಾಕಿಕೊಂಡಿದ್ದ ಆಂಗ್ಲ ತರುಣ ಸ್ಯಾಮ್ಯುಯೆಲ್ ಬಟ್ಲರ್, ಡಾರ್ವಿನ್ನನ ವಿಕಾಸವಾದದಿಂದ ಪ್ರಚೋದಿತನಾಗಿ, 1863ರ ಜೂನ್ ತಿಂಗಳಲ್ಲಿ ಕ್ರೈಸ್ಟ್‌ಚರ್ಚಿನ ‘ದಿ ಪ್ರೆಸ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ಯಂತ್ರಗಳೂ ಜೀವಿಗಳಂತೆ ವಿಕಾಸ ಹೊಂದುತ್ತಿವೆಯೆಂದೂ, ಮುಂದೊಂದು ಕಾಲಕ್ಕೆ ಮನುಷ್ಯನ ಮೇಲೆ ಅವುಗಳದೇ ಪ್ರಭುತ್ವವಾಗುವುದೆಂದೂ ಎಚ್ಚರಿಸಿದನು.

ಬಟ್ಲರನ ಊಹೆಗೆ ಗಣಿತದ ಆಧಾರವನ್ನು ಒದಗಿಸಿದವನು, ಬುಡಾಪೆಸ್ಟಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಜಾನ್ ವಾನ್ ನ್ಯೂಮನ್. 1948ರ ಸೆಪ್ಟೆಂಬರಿನಲ್ಲಿ ಪ್ಯಾಸಡೀನಾದಲ್ಲಿ ಮಾಡಿದ ಉಪನ್ಯಾಸದಲ್ಲಿ ಆತನು ಎತ್ತಿಕೊಂಡ ಪ್ರಶ್ನೆ ಇದು: ಯಂತ್ರವು ತನಗಿಂತ ಸರಳವಾದುದನ್ನು ಮಾತ್ರವೇ ನಿರ್ಮಿಸಬಲ್ಲುದೆಂಬ ನಮ್ಮ ಸಹಜ ನಂಬಿಕೆ ನಿಜವೆ? ಆತನ ಉತ್ತರದಂತೆ, ಯಾವುದೇ ವಿವರಣೆಯನ್ನೋದಿ ಅದರಂತೆ ಕಟ್ಟಬಲ್ಲ ಒಂದು ನಿರ್ಮಾಪಕ, ವಿವರಣೆಯ ಪ್ರತಿಯೆತ್ತುವ ಒಂದು ಲಿಪಿಕಾರ, ಇವೆರಡನ್ನೂ ನಡೆಸುವ ಒಂದು ನಿಯಾಮಕ, ಮತ್ತು ಈ ಸಮಸ್ತದ ವಿವರಣೆ, ಇಷ್ಟು ಕೂಡಿದರೆ ಯಂತ್ರವು ತನ್ನನ್ನು ತಾನೇ ಪುನರುತ್ಪಾದಿಸಿಕೊಳ್ಳಬಲ್ಲುದು. ವಿವರಣೆಯು ಒಮ್ಮೆ ಆಜ್ಞೆಯಾಗಿ ಪಾಲಿಸಲ್ಪಡುವುದು, ಮತ್ತೊಮ್ಮೆ ಪಿತ್ರಾರ್ಜಿತ ಸ್ವತ್ತಾಗಿ ಸಂತತಿಗೆ ಯಥಾವತ್ತಾಗಿ ವರ್ಗವಾಗುವುದು. ಐದು ವರ್ಷಗಳ ತರುವಾಯ, 1953ರಲ್ಲಿ, ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ರಚನೆಯನ್ನು ಪ್ರಕಟಿಸಿದ ಮೇಲೆ, ಜೀವಕೋಶವೂ ಇದೇ ತತ್ತ್ವವನ್ನು ಅನುಸರಿಸುತ್ತದೆಂಬುದು ಕ್ರಮೇಣ ವಿಶದವಾಯಿತು. ಪ್ರತಿಯೆತ್ತುವಾಗ ವಿವರಣೆಯಲ್ಲಿ ನುಸುಳಿದ ದೋಷವು ಸಂತತಿಯಲ್ಲಿಯೂ ಮುಂದುವರಿಯುವುದೆಂಬುದನ್ನು ವಾನ್ ನ್ಯೂಮನ್ ಆಗಲೇ ಗುರುತಿಸಿದ್ದನು.

ಜೀವದ ಮರ್ಮವನ್ನರಸಿ ಹೊರಟ ಈ ಶುದ್ಧ ಜಿಜ್ಞಾಸೆಗೆ ಸಂಹಾರದ ರೂಪವನ್ನಿತ್ತುದು ಅಣ್ವಸ್ತ್ರಯುಗದ ತಲ್ಲಣ. 1950ರಲ್ಲಿ ಅಣುಬಾಂಬಿನ ತವರಾದ ಲಾಸ್ ಅಲಮೋಸಿನಲ್ಲಿ ಮಧ್ಯಾಹ್ನದ ಊಟದ ವೇಳೆ ಭೌತವಿಜ್ಞಾನಿ ಎನ್ರಿಕೊ ಫರ್ಮಿ, ಅನ್ಯಲೋಕದವರಿರುವುದು ನಿಜವಾದರೆ ಅವರೆಲ್ಲ ಎಲ್ಲಿ ಎಂದು ಕೇಳಿದನು. ಆ ಪ್ರಶ್ನೆಗೆ ಭೀಕರವಾದ ಉತ್ತರವೊಂದನ್ನು ಸೂಚಿಸುವಂತೆ, 1963ರಿಂದ ಫ್ರೆಡ್ ಸೇಬರ್‌ಹೇಗನ್ ಬರೆಯತೊಡಗಿದ ‘ಬರ್ಸರ್ಕರ್’ ಕಥೆಗಳಲ್ಲಿ ಯಾವುದೋ ಪುರಾತನ ಯುದ್ಧಕ್ಕಾಗಿ ನಿರ್ಮಿತವಾದ ಯಂತ್ರಗಳು ತಮ್ಮ ನಿರ್ಮಾಪಕರು ಅಳಿದ ಬಳಿಕವೂ ಜೀವವನ್ನು ಬೇಟೆಯಾಡುತ್ತ ಅಲೆಯುತ್ತವೆ.

ಕಥೆಯ ಈ ಕಲ್ಪನೆಯನ್ನು ವಿದ್ವಾಂಸರು ಲಘುವಾಗಿ ಕಾಣಲಿಲ್ಲ. ಏಕೆಂದರೆ ಗಣನೆಯೇ ಭಯಂಕರವಾಗಿದ್ದಿತು. ಒಂದು ಯಂತ್ರವು ಎರಡಾಗಿ, ಎರಡು ನಾಲ್ಕಾಗಿ ಇಮ್ಮಡಿಸುತ್ತ ಹೋದರೆ 37ನೆಯ ಇಮ್ಮಡಿಕೆಗೆ ಸಂಖ್ಯೆಯು 13,000 ಕೋಟಿಯನ್ನು ಮೀರುವುದು. ನಮ್ಮ ಆಕಾಶಗಂಗೆಯಲ್ಲಿರುವ ನಕ್ಷತ್ರಗಳಾದರೋ 10,000 ಕೋಟಿಗೆ ಕಡಿಮೆಯಿಲ್ಲ. 1980ರಲ್ಲಿ ಫ್ರಾಂಕ್ ಟಿಪ್ಲರ್, ಇಂತಹ ಯಂತ್ರಗಳು 30 ಕೋಟಿ ವರ್ಷಗಳೊಳಗೆ ಇಡೀ ಆಕಾಶಗಂಗೆಯನ್ನು ವ್ಯಾಪಿಸಬಲ್ಲವಾದುದರಿಂದ, ಅವು ಕಾಣದಿರುವುದೇ ಅನ್ಯಲೋಕದ ಬುದ್ಧಿಜೀವಿಗಳಿಲ್ಲವೆಂಬುದಕ್ಕೆ ಪ್ರಮಾಣವೆಂದು ವಾದಿಸಿದನು. 1983ರಲ್ಲಿ ಕಾರ್ಲ್ ಸೇಗನ್ ಮತ್ತು ವಿಲಿಯಂ ನ್ಯೂಮನ್ ಇದನ್ನು ಖಂಡಿಸಿ, ಅಂತಹ ಸಾಮರ್ಥ್ಯವುಳ್ಳ ಜನಾಂಗವು ಅದರ ಅಪಾಯವನ್ನೂ ಅರಿತಿರುವುದರಿಂದ ಆ ಕಾರ್ಯಕ್ಕೆ ಕೈಹಾಕದೆಂದು ಉತ್ತರವಿತ್ತರು. ಅದೇ ವರ್ಷ ಡೇವಿಡ್ ಬ್ರಿನ್, ಆಕಾಶದ ಮಹಾಮೌನಕ್ಕೆ ಹೇಳಬಹುದಾದ ಕಾರಣಗಳನ್ನು ತೂಗಿನೋಡುತ್ತ, ರೇಡಿಯೊ ಸಂಕೇತಗಳನ್ನು ಹಿಂಬಾಲಿಸಿ ಬಂದು ಸಂಹರಿಸುವ ಮಾರಕಯಂತ್ರಗಳನ್ನೂ ಗಂಭೀರವಾಗಿ ಪರಿಗಣಿಸಿದನು.

ಇಂತಹ ಯಂತ್ರವು ಈವರೆಗೆ ಎಲ್ಲಿಯೂ ಕಂಡುಬಂದಿಲ್ಲ. ಆದರೆ 1980ರಲ್ಲಿಯೇ ನಾಸಾ ಸಂಸ್ಥೆಯ ಅಧ್ಯಯನವೊಂದು, ಚಂದ್ರನ ಮೇಲೆ ತನ್ನನ್ನು ತಾನೇ ವೃದ್ಧಿಪಡಿಸಿಕೊಳ್ಳುವ ಕಾರ್ಖಾನೆಯ ರೂಪರೇಖೆಯನ್ನು ಸಿದ್ಧಪಡಿಸಿದ್ದಿತೆಂಬುದನ್ನು ನೆನೆದರೆ, ಈ ಚರ್ಚೆಯು ದೂರದ ನಕ್ಷತ್ರವಾಸಿಗಳಿಗಿಂತ ನಮಗೇ ಹೆಚ್ಚು ಸಂಬಂಧಿಸಿದುದೆಂದು ನನಗೆ ತೋರುತ್ತದೆ. ನಮ್ಮ ಪುರಾಣವೂ ಇದನ್ನೇ ಹೇಳುತ್ತದೆ: ನೆಲಕ್ಕೆ ಬಿದ್ದ ತನ್ನ ರಕ್ತದ ಒಂದೊಂದು ಹನಿಯಿಂದಲೂ ತನ್ನಂತಹುದೇ ಅಸುರನನ್ನು ಹುಟ್ಟಿಸುತ್ತಿದ್ದ ರಕ್ತಬೀಜನೊಡನೆ ಕಾದಿದ ದೇವಿಯು ಹಾಗೆ ಹುಟ್ಟಿದ ಅಸುರರನ್ನು ಕೊಂದು ಗೆಲ್ಲಲಿಲ್ಲ; ರಕ್ತದ ಹನಿಯು ನೆಲವನ್ನು ಮುಟ್ಟದಂತೆ ಕಾಳಿಯು ತಡೆದ ಮೇಲೆಯೇ ಜಯವು ದೊರೆಯಿತು. ಸೇಗನ್ನನು ಯಾವ ವಿವೇಕವನ್ನು ಅನ್ಯಲೋಕದವರಲ್ಲಿ ನಿರೀಕ್ಷಿಸಿದನೋ ಅದನ್ನು ಮೊದಲು ನಾವು ರೂಢಿಸಿಕೊಳ್ಳಬೇಕಾಗಿದೆ: ಸಂತಾನಶಕ್ತಿಯುಳ್ಳ ಯಂತ್ರಕ್ಕೆ ಮಿತಿಯನ್ನು ವಿಧಿಸುವ ಅವಕಾಶವು, ಅದರ ಮೊದಲ ವಿವರಣೆಯನ್ನು ಬರೆಯುವವನ ಕೈಯಲ್ಲಿ ಮಾತ್ರ ಪೂರ್ಣವಾಗಿ ಉಳಿದಿರುತ್ತದೆ.