ಒಂದೂವರೆ ಮಿಲಿಸೆಕೆಂಡ್: ನಲವತ್ತು ದಾಟಿದ ರಿಮೋಟ್ ಕಾರು ಮತ್ತೆ ಓಡೋದು ಹೇಗೆ?

ಇವತ್ತಿನ ಎಪಿಸೋಡ್ ಒಂದು ಆಟದ ಕಾರಿನ ಬಗ್ಗೆ. ಮಕ್ಕಳ ವಿಷಯ ಅಂತ ಸ್ಕಿಪ್ ಮಾಡ್ಬೇಡಿ, ಹತ್ತು ನಿಮಿಷ ಇರಿ.

ಮನೆಯ ಡ್ರಾಯರ್ ತೆಗೆದು ನೋಡಿ. ಹತ್ತು ವರ್ಷದ ಹಿಂದಿನ ಫೋನ್ ಚಾರ್ಜರ್ ಒಂದಾದರೂ ಸಿಗುತ್ತೆ. ಅದರ ಪಿನ್ ಇವತ್ತಿನ ಫೋನಿಗೆ ಹಿಡಿಸಲ್ಲ. ಹತ್ತೇ ವರ್ಷಕ್ಕೆ ಅದು ಕಸ. ಈಗ ಇದನ್ನು ಕೇಳಿ. 1979ರಲ್ಲಿ ಜಪಾನಿನಲ್ಲಿ ತಯಾರಾದ ಒಂದು ರಿಮೋಟ್ ಕಾರು ಇದೆ ಅಂದ್ಕೊಳ್ಳಿ. ಅದರ ಸ್ಟಿಯರಿಂಗ್ ತಿರುಗಿಸೋ ಸರ್ವೋ ಕೆಟ್ಟಿಲ್ಲದಿದ್ದರೆ, ಪ್ಲಗ್ ಒಂದನ್ನು ಸರಿಮಾಡಿಕೊಂಡು ನಿನ್ನೆ ಕೊಂಡ ಹೊಸ ರಿಸೀವರ್‌ಗೆ ಸಿಕ್ಕಿಸಿದರೆ, ಸಾಮಾನ್ಯವಾಗಿ ಅದು ಕೆಲಸ ಮಾಡುತ್ತೆ. ನಲವತ್ತು ವರ್ಷ ದಾಟಿದ ವಸ್ತುವಿಗೂ ಹೊಸ ವಸ್ತುವಿಗೂ ಇನ್ನೂ ಮಾತುಕತೆ ಇದೆ. ಯಾಕೆ? ಇವತ್ತಿನ ಕಥೆ ಅದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1898. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌. ನಿಕೊಲಾ ಟೆಸ್ಲಾ ಒಂದು ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿ ಬಿಟ್ಟು, ತಂತಿಯ ಸಂಪರ್ಕವೇ ಇಲ್ಲದೆ ಅದನ್ನು ದೂರದಿಂದ ನಡೆಸಿ ತೋರಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಆದರೆ ಅದು ಆಟಿಕೆಯಾಗಿ ಸಾಮಾನ್ಯ ಜನರ ಕೈಗೆ ಬರೋಕೆ ದಶಕಗಳೇ ಬೇಕಾದವು. 1950ರ ದಶಕದಲ್ಲಿ ಮಾದರಿ ವಿಮಾನ ಹಾರಿಸುತ್ತಿದ್ದವರ ಹತ್ತಿರ ಇದ್ದದ್ದು ಎಸ್ಕೇಪ್‌ಮೆಂಟ್ ಅನ್ನೋ ಸಾಧನ. ಅದನ್ನು ತಿರುಗಿಸ್ತಾ ಇದ್ದದ್ದು ಏನು ಗೊತ್ತಾ? ಸುತ್ತಿ ಇಟ್ಟ ರಬ್ಬರ್ ಬ್ಯಾಂಡ್! ಬಟನ್ ಒಂದು ಸಲ ಒತ್ತಿದರೆ ಒಂದು ಕಡೆ, ಎರಡು ಸಲ ಒತ್ತಿದರೆ ಇನ್ನೊಂದು ಕಡೆ. ಪೂರ್ತಿ ಎಡ, ಇಲ್ಲವೇ ಪೂರ್ತಿ ಬಲ. ಸ್ವಲ್ಪ ತಿರುಗು ಅಂತ ಹೇಳೋಕೆ ದಾರಿಯೇ ಇರಲಿಲ್ಲ.

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ಇದು ಬದಲಾಯಿತು. ಹವ್ಯಾಸಿಗಳು ಮತ್ತು ಅವರದ್ದೇ ಸಣ್ಣಪುಟ್ಟ ಕಂಪನಿಗಳು ಸೇರಿ 'ಪ್ರಪೋರ್ಷನಲ್' ನಿಯಂತ್ರಣ ಕಂಡುಹಿಡಿದರು. ನೀವು ಸ್ಟಿಕ್ ಎಷ್ಟು ಸರಿಸಿದಿರೋ ಚಕ್ರ ಅಷ್ಟೇ ತಿರುಗುತ್ತೆ. ಅದರ ಒಳಗುಟ್ಟು ತುಂಬಾ ಸರಳ. ರಿಸೀವರ್‌ನಿಂದ ಸರ್ವೋಗೆ ಒಂದು ಪುಟ್ಟ ವಿದ್ಯುತ್ ಮಿಡಿತ ಹೋಗುತ್ತೆ, ಸೆಕೆಂಡಿಗೆ ಸುಮಾರು 50 ಸಲ. ಆ ಮಿಡಿತ ಒಂದೂವರೆ ಮಿಲಿಸೆಕೆಂಡ್ ಇದ್ದರೆ, ಅಂದ್ರೆ ಸೆಕೆಂಡಿನ ಸಾವಿರ ಭಾಗದಲ್ಲಿ ಒಂದೂವರೆ ಭಾಗ ಇದ್ದರೆ, ಚಕ್ರ ನೇರ. ಒಂದು ಮಿಲಿಸೆಕೆಂಡಿನ ಕಡೆಗೆ ಚಿಕ್ಕದಾದರೆ ಒಂದು ಪಕ್ಕ, ಎರಡರ ಕಡೆಗೆ ಉದ್ದವಾದರೆ ಇನ್ನೊಂದು ಪಕ್ಕ. ಅಷ್ಟೇ. ಮೂರು ವೈರು: ಒಂದು ಪ್ಲಸ್, ಒಂದು ಮೈನಸ್, ಒಂದು ಮಿಡಿತಕ್ಕೆ. ಇದನ್ನು ಒಂದೇ ಕಂಪನಿ ಬೀಗ ಹಾಕಿ ತನ್ನದಾಗಿ ಇಟ್ಟುಕೊಳ್ಳಲಿಲ್ಲ. ಎಲ್ಲರೂ ಬಳಸಿದರು, ಇವತ್ತಿಗೂ ಬಳಸ್ತಾ ಇದ್ದಾರೆ. ಕಾಲೇಜು ಪ್ರಾಜೆಕ್ಟ್‌ಗೆ ಆರ್ಡುಯಿನೊ ಜೊತೆ ನೀಲಿ ಬಣ್ಣದ ಪುಟ್ಟ ಸರ್ವೋ ತಿರುಗಿಸಿದ್ದರೆ, ನೀವೂ ಅದೇ ಭಾಷೆ ಮಾತಾಡಿದ್ದೀರಿ.

ಈಗ ಜಪಾನಿಗೆ ಬನ್ನಿ. ಶಿಜುವೊಕಾ ಅನ್ನೋ ಊರು. 1946ರಲ್ಲಿ ಯೋಶಿಯೊ ಟಾಮಿಯಾ ಅಲ್ಲಿ ಮರ ಕೊಯ್ಯೋ ಮಿಲ್ ಶುರು ಮಾಡಿದರು. ಜೊತೆಗೆ ಮರದ ಮಾದರಿಗಳನ್ನೂ ಮಾಡ್ತಾ ಇದ್ರು. 1951ರಲ್ಲಿ ಬೆಂಕಿ ಬಿದ್ದು ಮರದ ದಾಸ್ತಾನು ಸುಟ್ಟುಹೋಯಿತು. ಆಮೇಲೆ ಅವರು ಮರದ ವ್ಯಾಪಾರ ಬಿಟ್ಟು ಮಾದರಿಗಳನ್ನೇ ನಂಬಿದರು. ಅಮೆರಿಕದಿಂದ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದ ಮಾದರಿಗಳ ಮಾರುಕಟ್ಟೆ ಕುಸಿದಾಗ, 1960ರಲ್ಲಿ ಯಾಮಾಟೊ ಯುದ್ಧನೌಕೆಯ ಪ್ಲಾಸ್ಟಿಕ್ ಕಿಟ್ ತಂದರು. ಮಗ ಶುನ್ಸಾಕು ಟಾಮಿಯಾ ಕೈಯಲ್ಲಿ ಕಂಪನಿ ಜಗತ್ತಿಗೆಲ್ಲ ಪರಿಚಯವಾಯಿತು. ಆತ ಎಂಥ ಮನುಷ್ಯ ಅಂದ್ರೆ, ಪೋರ್ಶೆ ಮಾದರಿ ಸರಿಯಾಗಿ ಬರಬೇಕು ಅಂತ ನಿಜವಾದ ಪೋರ್ಶೆ 911 ಕೊಂಡು, ಬಿಚ್ಚಿ ಹರಡಿ ನೋಡಿದವರು. 1976ರಲ್ಲಿ ಬಂದ ಟಾಮಿಯಾದ ಮೊದಲ ರೇಡಿಯೊ ನಿಯಂತ್ರಿತ ಕಾರು ಕೂಡ ಪೋರ್ಶೆಯೇ, 934 ಟರ್ಬೊ.

ಆದರೆ ಆ ಪೋರ್ಶೆ ನುಣುಪು ನೆಲದ ಮೇಲೆ ಮಾತ್ರ ಚೆಂದ. 1979ರ ಕೊನೆಗೆ ಟಾಮಿಯಾ ಎರಡು ಬಗ್ಗಿಗಳನ್ನು ಬಿಟ್ಟಿತು: ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್. ವಿನ್ಯಾಸ ಮಾಡಿದವರು ಫುಮಿಟೊ ಟಾಕಿ. ಸ್ಯಾಂಡ್ ಸ್ಕಾರ್ಚರ್‌ಗೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಮೈ. ಒಳಗೆ ಅಸಲಿ ಬಗ್ಗಿಯ ಥರದ್ದೇ ಸಸ್ಪೆನ್ಷನ್, ಲೋಹದ ಭಾಗಗಳು. ರೇಡಿಯೊ ಸಾಮಾನು ಕೂರೋಕೆ ಒಂದು ಪಾರದರ್ಶಕ ಪೆಟ್ಟಿಗೆ, ಮರಳು ನೀರು ಒಳಗೆ ಹೋಗದ ಹಾಗೆ. ಮಣ್ಣು, ಹುಲ್ಲು, ಕಲ್ಲು, ಎಲ್ಲಾದರೂ ಓಡಿಸಿ ಅಂತ. 1984ರಲ್ಲಿ ಗ್ರಾಸ್‌ಹಾಪರ್, ಹಾರ್ನೆಟ್ ಅನ್ನೋ ಅಗ್ಗದ ಬಗ್ಗಿಗಳು ಬಂದ ಮೇಲಂತೂ ಈ ಹವ್ಯಾಸ ಜಪಾನ್, ಯುರೋಪ್, ಅಮೆರಿಕದ ಹುಡುಗರ ಅಂಗಳಕ್ಕೇ ಇಳಿಯಿತು.

ಒಂದು ಮುಖ್ಯ ವಿಷಯ. ಇವು ಯಾವುದೂ ರೆಡಿಮೇಡ್ ಕಾರುಗಳಲ್ಲ. ಡಬ್ಬಿ ತೆಗೆದರೆ ಸ್ಕ್ರೂ, ಗೇರು, ಪ್ಲಾಸ್ಟಿಕ್ ತುಂಡು, ಒಂದು ಚಿತ್ರಗಳ ಪುಸ್ತಕ. ಹನ್ನೆರಡು ವರ್ಷದ ಹುಡುಗ ಕೂತು ತಾನೇ ಜೋಡಿಸಬೇಕು. ಕೈಯಾರೆ ಜೋಡಿಸಿದ್ದನ್ನು ಬಿಚ್ಚೋದೂ ಗೊತ್ತಿರುತ್ತೆ, ಅಲ್ವಾ? ಇವತ್ತು ಇವುಗಳನ್ನು ರಿಪೇರಿ ಮಾಡೋಕೆ ಸಾಧ್ಯ ಆಗ್ತಿರೋದಕ್ಕೆ ಎರಡನೇ ಕಾರಣ ಇದು.

ಸರಿ, ಅಂಥ ಒಂದು ಕಾರು ಅಟ್ಟದ ಮೇಲೆ ನಲವತ್ತು ವರ್ಷ ಬಿದ್ದಿದ್ದರೆ ಏನಾಗಿರುತ್ತೆ? ಟೈರಿನ ರಬ್ಬರ್ ಬಿರುಕು ಬಿಟ್ಟಿರುತ್ತೆ. ಪ್ಲಾಸ್ಟಿಕ್ ಹಪ್ಪಳದ ಥರ ಮುರಿಯುತ್ತೆ. ಗೇರ್‌ಬಾಕ್ಸಿನ ಗ್ರೀಸ್ ಮೇಣ ಆಗಿರುತ್ತೆ. ಯಾರೋ ಬ್ಯಾಟರಿ ತೆಗೆಯದೆ ಹಾಗೇ ಬಿಟ್ಟಿದ್ದರೆ ಅದು ಸೋರಿ ತಾಮ್ರದ ಮೇಲೆ ಹಸಿರು, ಬಿಳಿ ಪುಡಿ ಕೂತಿರುತ್ತೆ. ಆಲ್ಕಲೈನ್ ಸೆಲ್‌ನಿಂದ ಸೋರೋದು ಕ್ಷಾರ. ಹಾಗಾಗಿ ಗ್ಲೌಸ್ ಹಾಕ್ಕೊಂಡು ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಒರೆಸಿದರೆ ಬಿಡುತ್ತೆ. ಇದು ಸುಲಭದ ಭಾಗ. ನಿಜವಾದ ಬದಲಾವಣೆ ಮೂರು ಕಡೆ.

ಮೊದಲನೇದು ರೇಡಿಯೊ. ಆ ಕಾಲದ ಎಷ್ಟೋ ಕಾರುಗಳು ನಡೀತಾ ಇದ್ದದ್ದು 27 ಮೆಗಾಹರ್ಟ್ಸ್‌ನಲ್ಲಿ. ರಿಮೋಟಿಗೊಂದು, ಕಾರಿಗೊಂದು ಕ್ರಿಸ್ಟಲ್, ಜೋಡಿಯಾಗಿ. ಮೈದಾನದಲ್ಲಿ ಇನ್ನೊಬ್ಬರ ಹತ್ತಿರ ಅದೇ ಕ್ರಿಸ್ಟಲ್ ಇದ್ದರೆ ಮುಗೀತು ಕಥೆ. ನಿಮ್ಮ ಕಾರು ಅವರ ಮಾತು ಕೇಳುತ್ತೆ, ಅವರದ್ದು ನಿಮ್ಮ ಮಾತು ಕೇಳುತ್ತೆ. ಅದಕ್ಕೇ ಯಾರದ್ದು ಯಾವ ಚಾನೆಲ್ ಅಂತ ಗೊತ್ತಾಗೋಕೆ ಆಂಟೆನಾಕ್ಕೆ ಬಣ್ಣದ ರಿಬ್ಬನ್ ಕಟ್ಟೋ ರೂಢಿ ಇತ್ತು. ಈಗಿನವು 2.4 ಗಿಗಾಹರ್ಟ್ಸ್, ನಿಮ್ಮ ವೈಫೈ, ಬ್ಲೂಟೂತ್ ಇರೋ ಜಾಗವೇ. ರಿಮೋಟ್ ಮತ್ತು ರಿಸೀವರ್ ಒಂದು ಸಲ ಪರಿಚಯ ಮಾಡಿಕೊಂಡರೆ ಸಾಕು, ಬೇರೆಯವರ ಮಾತಿಗೆ ಕಿವಿ ಕೊಡಲ್ಲ. ಇಂದಿನ ಎಷ್ಟೋ ರಿಮೋಟ್‌ಗಳು ಸೆಕೆಂಡಿಗೆ ಎಷ್ಟೋ ಸಲ ತರಂಗಾಂತರ ಬದಲಿಸ್ತಾ ಜಿಗಿಯುತ್ತವೆ. ಹೀಗೆ ಜಿಗಿಯೋ ಐಡಿಯಾ ಇಟ್ಟುಕೊಂಡು ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಒಂದು ಪೇಟೆಂಟ್ ಪಡೆದಿದ್ದರು, ಟಾರ್ಪಿಡೊ ನಡೆಸೋಕೆ.

ಎರಡನೇದು ವೇಗದ ನಿಯಂತ್ರಣ. ಹಳೆಯ ಕಾರಲ್ಲಿ ಎರಡು ಸರ್ವೋ ಇರ್ತಿತ್ತು. ಒಂದು ಸ್ಟಿಯರಿಂಗ್‌ಗೆ. ಇನ್ನೊಂದು ಫ್ಯಾನ್ ರೆಗ್ಯುಲೇಟರ್ ಥರ ಒಂದು ಕೈಯನ್ನು ತಾಮ್ರದ ಪಟ್ಟಿಗಳ ಮೇಲೆ ಸರಿಸ್ತಾ ಇತ್ತು. ನಿಧಾನ ಹೋಗಬೇಕಾ? ಕರೆಂಟು ಒಂದು ರೆಸಿಸ್ಟರ್ ಮೂಲಕ ಹರಿದು, ಮೋಟಾರಿಗೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ಬರೀ ಬಿಸಿಯಾಗಿ ಪೋಲಾಗ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು. ನಮ್ಮ ಮನೆಗಳ ಹಳೆಯ ದೊಡ್ಡ ಫ್ಯಾನ್ ರೆಗ್ಯುಲೇಟರ್ ಬಿಸಿ ಆಗ್ತಿದ್ದದ್ದೂ ಇದೇ ಕಾರಣಕ್ಕೆ. ಈಗ ಆ ಜಾಗಕ್ಕೆ ಇಎಸ್‌ಸಿ ಬರುತ್ತೆ, ಅಂದ್ರೆ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್. ಬೆಂಕಿಪೊಟ್ಟಣದಷ್ಟು ಇರುತ್ತೆ. ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಆನ್ ಆಫ್ ಮಾಡಿ ವೇಗ ಹೊಂದಿಸುತ್ತೆ. ಅದಕ್ಕೂ ರಿಸೀವರ್‌ನಿಂದ ಬರೋದು ಅದೇ ಒಂದೂವರೆ ಮಿಲಿಸೆಕೆಂಡಿನ ಭಾಷೆ. ಎರಡನೇ ಸರ್ವೋ ಬೇಡ. ರಿಸೀವರ್‌ಗೆ ಬೇಕಾದ ಕರೆಂಟನ್ನೂ ಅದೇ ಕೊಡುತ್ತೆ, ಬೇರೆ ನಾಲ್ಕು ಪೆನ್ಸಿಲ್ ಸೆಲ್ ಹೊರಬೇಕಿಲ್ಲ.

ಮೂರನೇದು ಬ್ಯಾಟರಿ. ಆಗ ನಿಕಲ್-ಕ್ಯಾಡ್ಮಿಯಂ. ಒಂದು ಸೆಲ್‌ಗೆ 1.2 ವೋಲ್ಟ್, ಆರು ಸೆಲ್ ಸೇರಿ 7.2. ಕ್ಯಾಡ್ಮಿಯಂ ವಿಷ, ಕಸದ ಬುಟ್ಟಿಗೆ ಹಾಕಲೇಬಾರದು. ಈಗಿನ ಲಿಥಿಯಂ ಪಾಲಿಮರ್ ಸೆಲ್ 3.7 ವೋಲ್ಟ್, ಎರಡು ಸೇರಿದರೆ 7.4. ಹೆಚ್ಚುಕಮ್ಮಿ ಅಷ್ಟೇ ಬಂತಲ್ಲ, ಹಾಕೇಬಿಡೋಣ ಅನಿಸುತ್ತೆ. ಇಲ್ಲೇ ಹುಷಾರಾಗಿರಬೇಕು. ಲಿಥಿಯಂ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿದರೆ ಹಾಳಾಗುತ್ತೆ. ಮತ್ತೆ ಚಾರ್ಜ್‌ಗೆ ಹಾಕಿದಾಗ ಉಬ್ಬಬಹುದು, ಬೆಂಕಿಯೂ ಹತ್ತಬಹುದು. ಹೊಸ ಇಎಸ್‌ಸಿಗಳಲ್ಲಿ ವೋಲ್ಟೇಜ್ ಇಳಿದರೆ ಕರೆಂಟು ತಗ್ಗಿಸೋ ಕಾವಲು ಇರುತ್ತೆ. ಹಳೆಯ ತಾಮ್ರದ ಪಟ್ಟಿಗೆ ಅದೇನೂ ಗೊತ್ತಿಲ್ಲ, ಅದು ಕೊನೆಯ ಹನಿವರೆಗೂ ಹೀರುತ್ತೆ. ಹಾಗಾಗಿ ಹಳೆಯ ವೇಗ ನಿಯಂತ್ರಕ ಉಳಿಸಿಕೊಂಡು ಲಿಥಿಯಂ ಬ್ಯಾಟರಿ ಹಾಕೋದು ಬೇಡವೇ ಬೇಡ. ಅಂಥ ಕಾರಿಗೆ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಒಳ್ಳೇದು. ಹಳೆಯ ಸರ್ವೋ ಪ್ಲಗ್‌ನಲ್ಲೂ ಒಂದು ಜಾಗ್ರತೆ ಬೇಕು. ಕೆಲವು ಹಳೆಯ ಬ್ರಾಂಡ್‌ಗಳಲ್ಲಿ ವೈರುಗಳ ಸಾಲೇ ಬೇರೆ. ಮಲ್ಟಿಮೀಟರ್ ಇಟ್ಟು ಪ್ಲಸ್ ಯಾವುದು, ಮೈನಸ್ ಯಾವುದು ನೋಡದೆ ಸಿಕ್ಕಿಸಿದರೆ ಹೊಗೆ ಬರುತ್ತೆ.

ಮೋಟಾರಿನ ಆಸೆಯೂ ಹಾಗೇ. ಇವತ್ತು ಜೋರು ಬ್ರಷ್‌ಲೆಸ್ ಮೋಟಾರ್ ಸಿಗುತ್ತೆ. ನಲವತ್ತು ವರ್ಷದ ಗೇರ್‌ಬಾಕ್ಸಿಗೆ ಅದನ್ನು ಕಟ್ಟೋದು ಅಂದ್ರೆ ಅಜ್ಜನನ್ನು ಬುಲೆಟ್ ಬೈಕಿನ ಹಿಂದೆ ಓಡಿಸಿದ ಹಾಗೆ. ಮೊದಲ ದಿನವೇ ಹಲ್ಲು ಉದುರುತ್ತೆ, ಗೇರಿನದ್ದು.

ಈಗ ಜಗಳದ ವಿಷಯಕ್ಕೆ ಬರೋಣ. ಇಷ್ಟೆಲ್ಲ ಬದಲಿಸಿದ ಮೇಲೆ ಅದು ಹಳೆಯ ಕಾರೇನಾ? ಈ ಹವ್ಯಾಸದಲ್ಲಿ ಎರಡು ಪಂಗಡ ಇದೆ. ಒಂದು ಗುಂಪು ಹೇಳೋದು: ಮೂಲ ರೆಸಿಸ್ಟರ್, ಮೂಲ ಸ್ಟಿಕ್ಕರ್, ಮೂಲ ಟೈರು, ಏನನ್ನೂ ಮುಟ್ಟಬೇಡಿ, ಗಾಜಿನ ಕಪಾಟಲ್ಲಿ ಇಡಿ. ಇನ್ನೊಂದು ಗುಂಪು: ಓಡದ ಕಾರು ಬರೀ ಪ್ಲಾಸ್ಟಿಕ್, ಓಡಿಸಿ. ನಾನು ಓದಿದ್ದು ಬಿಕಾಂ. ಅಲ್ಲಿ ಡಿಪ್ರಿಸಿಯೇಶನ್ ಲೆಕ್ಕ ಹಾಕಿ, ಇಷ್ಟು ವರ್ಷಕ್ಕೆ ಆಸ್ತಿಯ ಬೆಲೆ ಸೊನ್ನೆ ಅಂತ ಬರೆದು ಮುಗಿಸ್ತೀವಿ. ಈ ಕಾರುಗಳು ಆ ಲೆಕ್ಕವನ್ನೇ ತಲೆಕೆಳಗು ಮಾಡ್ತವೆ. ಡಬ್ಬಿ ಸಮೇತ ಇರೋ ಹಳೆಯ ಕಿಟ್ ಇವತ್ತು ಮೂಲ ಬೆಲೆಗಿಂತ ಎಷ್ಟೋ ಜಾಸ್ತಿಗೆ ಹೋಗುತ್ತೆ. ಬೇಡಿಕೆ ನೋಡಿ ಟಾಮಿಯಾ ತಾನೇ 2004ರಲ್ಲಿ ಹಾರ್ನೆಟ್, 2010ರಲ್ಲಿ ಸ್ಯಾಂಡ್ ಸ್ಕಾರ್ಚರ್ ಮತ್ತೆ ತಯಾರಿಸಿತು. ಅದರಿಂದ ಹಳೆಯ ಕಾರಿನವರಿಗೂ ಲಾಭ ಆಯಿತು, ಎಷ್ಟೋ ಬಿಡಿಭಾಗ ಮತ್ತೆ ಹೊಸದಾಗಿ ಸಿಗೋಕೆ ಶುರುವಾಯಿತು.

ನನಗೆ ಸರಿ ಅನಿಸೋದು ಮಧ್ಯದ ದಾರಿ. ವಾಪಸ್ ತೆಗೆಯೋಕೆ ಆಗದ ಕೆಲಸ ಮಾಡಬೇಡಿ. ಹಳೆಯ ಚಾಸಿಗೆ ಹೊಸ ತೂತು ಕೊರೆಯಬೇಡಿ, ಇಎಸ್‌ಸಿಯನ್ನು ಡಬಲ್ ಟೇಪಿನಲ್ಲಿ ಅಂಟಿಸಿ. ತೆಗೆದ ರೆಸಿಸ್ಟರ್, ಹಳೆಯ ರಿಸೀವರ್, ಕ್ರಿಸ್ಟಲ್, ಎಲ್ಲ ಒಂದು ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ನಾಳೆ ಬೇರೆಯವರಿಗೆ ಅದು 1979ರ ಹಾಗೇ ಬೇಕು ಅನಿಸಿದರೆ ಒಂದು ಮಧ್ಯಾಹ್ನದ ಕೆಲಸ ಆಗಬೇಕು, ಅಷ್ಟೇ.

ನಮ್ಮೂರಲ್ಲಿ ಟಾಮಿಯಾ ಎಲ್ಲಿತ್ತು ಅಂತ ನೀವು ಕೇಳಬಹುದು. ನಿಜ, ನಮ್ಮ ಎಷ್ಟೋ ಮನೆಗಳಿಗೆ ಬಂದಿದ್ದು ಗಲ್ಫ್‌ನಲ್ಲಿದ್ದ ಮಾವನ ಸೂಟ್‌ಕೇಸಲ್ಲಿ ಬಂದ ರೆಡಿಮೇಡ್ ರಿಮೋಟ್ ಕಾರು. ಅಂಥವುಗಳಲ್ಲಿ ರಿಸೀವರ್, ವೇಗ, ಸ್ಟಿಯರಿಂಗ್ ಎಲ್ಲ ಒಂದೇ ಬೋರ್ಡಿನ ಮೇಲೆ. ಬೋರ್ಡು ಹೋದರೆ ಕಾರೇ ಹೋಯ್ತು ಅಂತ ಮೂಲೆಗೆ ಹಾಕಿರ್ತೀವಿ. ಆದರೆ ಆ ಬೋರ್ಡು ಪೂರ್ತಿ ತೆಗೆದು, ಒಂದು ರಿಸೀವರ್, ಒಂದು ಸಣ್ಣ ಇಎಸ್‌ಸಿ, ಸ್ಟಿಯರಿಂಗ್‌ಗೆ ಒಂದು ಪುಟ್ಟ ಸರ್ವೋ ಕೂರಿಸಿದರೆ ಅದೂ ಓಡುತ್ತೆ. ಮೊದಲು ಪೂರ್ತಿ ಎಡ, ಪೂರ್ತಿ ಬಲ ಅಷ್ಟೇ ಗೊತ್ತಿದ್ದ ಕಾರಿಗೆ ಈಗ 'ಸ್ವಲ್ಪ ತಿರುಗು' ಅನ್ನೋದೂ ಅರ್ಥ ಆಗುತ್ತೆ. ಬೆಂಗಳೂರಲ್ಲಿದ್ದರೆ ಎಸ್.ಪಿ. ರೋಡ್ ಒಂದು ಸುತ್ತು ಹಾಕಿ, ವೈರು, ಪ್ಲಗ್, ಸೋಲ್ಡರಿಂಗ್ ಸಾಮಾನು ಎಲ್ಲ ಸಿಗುತ್ತೆ.

ಯೋಚನೆ ಮಾಡಬೇಕಾದದ್ದು ಇಷ್ಟು. ಈ ಕಾರುಗಳು ಬದುಕಿರೋದು ಗಟ್ಟಿಮುಟ್ಟಾಗಿದ್ದಕ್ಕಲ್ಲ, ಅವುಗಳಲ್ಲೂ ಮುರಿಯೋದು ಮುರಿಯುತ್ತೆ. ಬದುಕಿರೋದು ಯಾಕೆ ಅಂದ್ರೆ, ಬಿಚ್ಚೋಕೆ ಸ್ಕ್ರೂ ಇತ್ತು, ಜೋಡಿಸೋದು ಹೇಗೆ ಅಂತ ಪುಸ್ತಕ ಇತ್ತು, ಮತ್ತು ಒಳಗಿನ ಭಾಗಗಳು ಮಾತಾಡೋ ಭಾಷೆ ಎಲ್ಲರದ್ದಾಗಿತ್ತು. ನಿಮ್ಮ ಕಿವಿಯಲ್ಲಿ ಈಗ ಇರೋ ಇಯರ್‌ಬಡ್ಸ್ ತೆಗೆದು ನೋಡಿ. ಸ್ಕ್ರೂ ಎಲ್ಲಿದೆ? ಬ್ಯಾಟರಿ ಬದಲಿಸೋದು ಹೇಗೆ? ಮುಂದಿನ ಸಲ ಏನಾದರೂ ಕೊಳ್ಳುವಾಗ ಅಂಗಡಿಯವರನ್ನು ಆಫರ್ ಜೊತೆಗೆ ಇದನ್ನೂ ಕೇಳಿ: ಕೆಟ್ಟರೆ ಇದನ್ನು ಬಿಚ್ಚೋಕಾಗುತ್ತಾ?

ಅಟ್ಟದ ಮೇಲೆ ಹಳೆಯ ಕಾರು ಇದ್ದರೆ ಈ ಭಾನುವಾರ ಕೆಳಗಿಳಿಸಿ. ಮೊದಲು ಬ್ಯಾಟರಿ ತೆಗೀರಿ, ಆಮೇಲೆ ಉಳಿದದ್ದು.