ರೈನ್‌ಹೋಲ್ಡ್ ನೀಬೂರ್ ಅವರ ಪ್ರಗತಿ ವಿಮರ್ಶೆ

ರೈನ್‌ಹೋಲ್ಡ್ ನೀಬೂರ್ (೨೧ ಜೂನ್ ೧೮೯೨ – ೧ ಜೂನ್ ೧೯೭೧) ಅಮೆರಿಕದ ಪ್ರೊಟೆಸ್ಟಂಟ್ ದೈವಶಾಸ್ತ್ರಜ್ಞರು. ಮಾನವ ಪ್ರಗತಿ ಮತ್ತು ನೈತಿಕ ಪತನಗಳ ಸಂಬಂಧವನ್ನು ಕ್ರೈಸ್ತ ದೃಷ್ಟಿಯಿಂದ ವಿವೇಚಿಸಿದ ಇಪ್ಪತ್ತನೆಯ ಶತಮಾನದ ಪ್ರಮುಖ ಚಿಂತಕರಲ್ಲಿ ಇವರೂ ಒಬ್ಬರು. ವಿದ್ಯೆ, ವಿಜ್ಞಾನಗಳು ಬೆಳೆದಂತೆ ಮನುಷ್ಯನು ತಾನಾಗಿಯೇ ಸಜ್ಜನನಾಗುತ್ತಾನೆ ಎಂಬ ನಂಬಿಕೆಯನ್ನು ಇವರು ಒಪ್ಪಲಿಲ್ಲ. ಲೋಕವು ಕೆಡುತ್ತಲೇ ಇದೆ ಎಂಬ ನಿರಾಶಾವಾದವನ್ನೂ ಒಪ್ಪಲಿಲ್ಲ. ಮನುಷ್ಯನ ಸಾಮರ್ಥ್ಯ ಹೆಚ್ಚಿದಂತೆ ಒಳಿತು, ಕೆಡುಕು ಎರಡರ ಸಾಧ್ಯತೆಯೂ ಒಟ್ಟಿಗೆ ಹೆಚ್ಚುತ್ತದೆ ಎಂಬುದು ಇವರ ವಾದದ ತಿರುಳು.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅನೇಕ ಪ್ರೊಟೆಸ್ಟಂಟ್ ಚಿಂತಕರು ಇತಿಹಾಸವನ್ನು ನಿರಂತರ ಏಳಿಗೆಯ ಕಥೆಯೆಂದು ಭಾವಿಸಿದ್ದರು. ಸಮಾಜ ಸುಧಾರಣೆಯ ಮೂಲಕ ದೇವರ ರಾಜ್ಯವು ಭೂಮಿಯಲ್ಲಿ ನೆಲೆಗೊಳ್ಳಬಹುದೆಂಬ ಆಶಯ ಅವರಲ್ಲಿತ್ತು. ೧೯೧೪–೧೮ರ ಮಹಾಯುದ್ಧವು ಈ ಆಶಯಕ್ಕೆ ಬಲವಾದ ಪೆಟ್ಟು ಕೊಟ್ಟಿತು. ಶಾಲೆ, ಕಾರ್ಖಾನೆ, ಪ್ರಯೋಗಶಾಲೆಗಳಲ್ಲಿ ಜಗತ್ತಿಗೇ ಮುಂದಾಗಿದ್ದ ರಾಷ್ಟ್ರಗಳೇ ಪರಸ್ಪರ ಸಂಹಾರದಲ್ಲಿ ತೊಡಗಿದ್ದವು.

ಡೆಟ್ರಾಯಿಟ್‌ನ ಅನುಭವ

ನೀಬೂರ್ ೧೯೧೫ರಿಂದ ೧೯೨೮ರವರೆಗೆ ಡೆಟ್ರಾಯಿಟ್ ನಗರದಲ್ಲಿ ಸಭಾಪಾಲಕರಾಗಿದ್ದರು. ಮೋಟಾರು ಉದ್ಯಮದಿಂದ ನಗರವು ಶೀಘ್ರವಾಗಿ ಬೆಳೆಯುತ್ತಿದ್ದ ಕಾಲವದು. ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದ ಹೆನ್ರಿ ಫೋರ್ಡ್ ಅವರನ್ನು ಹಲವರು ಉದಾರಿಯೆಂದು ಕೊಂಡಾಡುತ್ತಿದ್ದರು. ನೀಬೂರ್ ಮಾತ್ರ ಯಂತ್ರದ ವೇಗಕ್ಕೆ ಸಿಕ್ಕ ಕಾರ್ಮಿಕನ ಬಳಲಿಕೆಯನ್ನೂ ಕೆಲಸ ಕಳೆದುಕೊಂಡವರ ಸಂಕಟವನ್ನೂ ಕುರಿತು ೧೯೨೦ರ ದಶಕದಲ್ಲಿ ಕ್ರೈಸ್ತ ಪತ್ರಿಕೆಗಳಲ್ಲಿ ಬರೆದರು. ಉತ್ಪಾದನೆ ಹೆಚ್ಚಿದ ಮಾತ್ರಕ್ಕೆ ನ್ಯಾಯ ಹೆಚ್ಚುವುದಿಲ್ಲವೆಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು.

ಪ್ರಮುಖ ವಿಚಾರಗಳು

ಪಾಪವು ಅಜ್ಞಾನದ ಫಲವಾಗಿದ್ದರೆ ವಿದ್ಯೆಯಿಂದ ಅದು ನಾಶವಾಗಬೇಕಿತ್ತು. ನೀಬೂರ್ ಅವರ ಪ್ರಕಾರ ಪಾಪದ ಮೂಲವಿರುವುದು ಅಹಂಕಾರದಲ್ಲಿ, ಅಂದರೆ ಸೀಮಿತನಾದ ಮನುಷ್ಯನು ತನ್ನ ಮಿತಿಯನ್ನು ಮರೆತು ತನ್ನನ್ನೇ ಕೇಂದ್ರವಾಗಿಸಿಕೊಳ್ಳುವುದರಲ್ಲಿ. ಆದುದರಿಂದ ವಿದ್ಯಾವಂತನಿಗೂ ಧರ್ಮನಿಷ್ಠನಿಗೂ ಅದರಿಂದ ವಿನಾಯಿತಿಯಿಲ್ಲ. ಗೋಧಿಯೂ ಕಳೆಯೂ ಸುಗ್ಗಿಯವರೆಗೆ ಒಂದೇ ಹೊಲದಲ್ಲಿ ಬೆಳೆಯುವ ಯೇಸುವಿನ ಸಾಮ್ಯವನ್ನು ಅವರು ಇತಿಹಾಸಕ್ಕೆ ಅನ್ವಯಿಸಿದರು.

೧೯೩೨ರಲ್ಲಿ ಪ್ರಕಟವಾದ 'ಮಾರಲ್ ಮ್ಯಾನ್ ಅಂಡ್ ಇಮ್ಮಾರಲ್ ಸೊಸೈಟಿ' ಕೃತಿಯು ವ್ಯಕ್ತಿ ಮತ್ತು ಸಮೂಹಗಳ ನೀತಿಯಲ್ಲಿನ ಅಂತರವನ್ನು ಚರ್ಚಿಸುತ್ತದೆ. ತನ್ನ ಮನೆಯವರಿಗಾಗಿ ತ್ಯಾಗಮಾಡುವ ವ್ಯಕ್ತಿಯೇ ರಾಷ್ಟ್ರ, ವರ್ಗ ಅಥವಾ ಜನಾಂಗದ ಹೆಸರಿನಲ್ಲಿ ಕ್ರೂರನಾಗಬಲ್ಲ. ಬಲಿಷ್ಠ ಸಮೂಹಗಳು ಕೇವಲ ಉಪದೇಶದಿಂದ ಅಧಿಕಾರ ಬಿಟ್ಟುಕೊಡುವುದಿಲ್ಲವಾದ್ದರಿಂದ ಒತ್ತಡವೂ ಅಗತ್ಯವೆಂದು ಅವರು ವಾದಿಸಿದರು. ಇದೇ ಕೃತಿಯಲ್ಲಿ ಗಾಂಧೀಜಿಯವರ ಸತ್ಯಾಗ್ರಹವನ್ನು ಪರಿಶೀಲಿಸಿ, ಅಂತಹ ಮಾರ್ಗವು ಅಮೆರಿಕದ ಕಪ್ಪುಜನರಿಗೆ ಉಪಯುಕ್ತವಾಗಬಹುದೆಂದು ಸೂಚಿಸಿದರು.

೧೯೩೯ರಲ್ಲಿ ಎಡಿನ್‌ಬರೋದಲ್ಲಿ ನೀಡಿದ ಗಿಫರ್ಡ್ ಉಪನ್ಯಾಸಗಳು 'ದಿ ನೇಚರ್ ಅಂಡ್ ಡೆಸ್ಟಿನಿ ಆಫ್ ಮ್ಯಾನ್' ಎಂಬ ಎರಡು ಸಂಪುಟಗಳಾಗಿ (೧೯೪೧, ೧೯೪೩) ಪ್ರಕಟವಾದವು. ೧೯೪೪ರ ಕೃತಿಯೊಂದರಲ್ಲಿ ಪ್ರಜಾಪ್ರಭುತ್ವವನ್ನು ಸಮರ್ಥಿಸುತ್ತ, ಯಾರೊಬ್ಬರ ಸದ್ಗುಣವನ್ನೂ ನೆಚ್ಚಿ ಅಂಕೆಯಿಲ್ಲದ ಅಧಿಕಾರ ಕೊಡಲಾಗದು ಎಂಬ ನಿಲುವನ್ನು ತಳೆದರು.

ಪ್ರಭಾವ ಮತ್ತು ಟೀಕೆ

ಮಾರ್ಟಿನ್ ಲೂಥರ್ ಕಿಂಗ್ ಅವರು ೧೯೬೩ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರದಲ್ಲಿ ನೀಬೂರ್ ಅವರನ್ನು ಹೆಸರಿಸಿದ್ದಾರೆ. ಪಾಪವನ್ನು ಮುಖ್ಯವಾಗಿ ಅಹಂಕಾರವೆನ್ನುವುದು ಪುರುಷರ ಅನುಭವಕ್ಕಷ್ಟೇ ಹೊಂದುತ್ತದೆ. ತಮ್ಮತನವನ್ನೇ ಅಳಿಸಿಕೊಳ್ಳುವಂತೆ ಬೆಳೆಸಲ್ಪಟ್ಟ ಸ್ತ್ರೀಯರ ಸಮಸ್ಯೆ ಬೇರೆಯದು ಎಂದು ವ್ಯಾಲರಿ ಸೇವಿಂಗ್ ೧೯೬೦ರಲ್ಲಿ ಆಕ್ಷೇಪಿಸಿದರು. ಕಪ್ಪುಜನರ ಮೇಲಿನ ಗುಂಪುಹತ್ಯೆಗಳ ಬಗ್ಗೆ ನೀಬೂರ್ ಸಾಕಷ್ಟು ದನಿಯೆತ್ತಲಿಲ್ಲವೆಂದು ಜೇಮ್ಸ್ ಕೋನ್ ೨೦೧೧ರ ತಮ್ಮ ಕೃತಿಯಲ್ಲಿ ಟೀಕಿಸಿದ್ದಾರೆ.